ಲಿಫ್ಟ್ ರಿಪೇರಿಯವನ ಮನೆಪಾಠ

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ಹೇಗಿದೀಯಮ್ಮಾ? ನಿನ್ನ ಕಾಗದ ಬಂದು ಹನ್ನೆರಡು ದಿನ ಆಯ್ತು. ತಡವಾಗಿದ್ದಕ್ಕೆ ಬೈಕೋಬೇಡ, ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಒಗ್ಗೋದು ನಿಧಾನ. ಅಮ್ಮನ ಮಂಡಿನೋವು ಕಮ್ಮಿ, ಗೊಣಗಾಟ ಮೊದಲಿನಷ್ಟೇ.

ಮನಸ್ಸು ನೆಟ್ಟಗಿಟ್ಟುಕೊಳ್ಳೋದು ಹೇಗೆ ಅಂತ ನೀನು ಸೇರಿರೋ ಆಸ್ಪತ್ರೆಯಲ್ಲಿ ಗುರುವಾರ ಗುರುವಾರ ಮನೆಯವರಿಗೂ ಪಾಠ ಇಟ್ಟಿದಾರಲ್ಲ, ಮೊದಲ ದಿನ ನಾನು ಬಾಗಿಲ ಹತ್ತಿರವೇ ಕೂತಿದ್ದೆ, ಜಾರಿಕೊಳ್ಳೋಕೆ ಸುಲಭ ಅಂತ. ಸಂತೋಷಕ್ಕೂ ವಿಜ್ಞಾನವಾ ಅಂತ ಒಳಗೊಳಗೇ ನಗು. ಪಾಠದ ಮೇಡಂ ಅಂದ್ರು: "ಖುಷಿ ತಾನಾಗಿ ಬರಲಿ ಅಂತ ಕಾಯ್ತಾ ಕೂರಬೇಡಿ. ದಿನಾ ಮಾಡೋ ಕೆಲಸದ ಬಾಲಕ್ಕೆ ಒಂದು ಚಿಕ್ಕ ಒಳ್ಳೇ ಅಭ್ಯಾಸ ಕಟ್ಟಿ. ಬಿಡದೆ ಮಾಡಿ."

ರಿಪೇರಿ ಮುಗಿಸಿ ಲಿಫ್ಟನ್ನ ಮೇಲೆ ಕೆಳಗೆ ಓಡಿಸಿ ನೋಡ್ತೀವಲ್ಲ, ಆಗ ಜೊತೆಗಿರೋರನ್ನ "ಹೇಗಿದೀರಿ?" ಅಂತ ಕೇಳಿ, ಉತ್ತರ ಮುಗಿಯೋವರೆಗೆ ಬಾಯಿ ಮುಚ್ಚಿಕೊಂಡಿರೋದು. ಇದು ನಾನು ಕಟ್ಟಿದ್ದು. ನನ್ನ ಜೋಡಿ ಗುಂಡಣ್ಣನನ್ನ ಕೇಳಿದ್ರೆ ಅವನು ಗಾಬರಿಬಿದ್ದು, "ಯಾಕೋ, ರೋಪ್ ಏನಾದ್ರೂ ಕಿತ್ತುಹೋಗೋ ಹಾಗಿದೆಯಾ?" ಅಂದ! ಐದನೇ ದಿನ ಮಾತ್ರ ಆರನೇ ಮಹಡಿಯಲ್ಲಿ ಬಾಗಿಲು ತೆರೆದರೂ ಅವನು ಹೊರಗೆ ಹೋಗಲಿಲ್ಲ. "ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು ಕಣೋ" ಅಂತ ಶುರು ಮಾಡಿದ. ಹದಿನೇಳು ವರ್ಷ ಜೊತೆಗೆ ದುಡಿದಿದೀವಿ, ನನಗೆ ಗೊತ್ತೇ ಇರಲಿಲ್ಲ ನೋಡು.

ಮೊನ್ನೆ ಗುರುವಾರ ಮೇಡಂ ನಿನ್ನ ವಿಷಯ ತೆಗೆದ್ರು. "ನಿಮ್ಮ ಮಗಳು ಎದ್ದ ತಕ್ಷಣ ಹಾಸಿಗೆ ಸರಿಮಾಡ್ತಾಳೆ. ಆಮೇಲೆ ಪಕ್ಕದ ಮಂಚದ ಅಜ್ಜಿಯ ಕೈಹಿಡಿದು ಕಿಟಕಿವರೆಗೆ ನಡೆಸ್ತಾಳೆ. ಒಂದು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ತಾನೇ ಅಳ್ತಿದ್ದ ದಿನವೂ."

ಪುಟ್ಟಿ, ತಾನು ಏಳೋದೇ ಬೆಟ್ಟ ಹತ್ತಿದ ಹಾಗಿರುವಾಗ ಇನ್ನೊಬ್ಬರನ್ನೂ ಎಬ್ಬಿಸೋದು ಅಂದ್ರೆ! ಐವತ್ತಾರು ವರ್ಷದ ನನ್ನ ಕೈಲಿ ಆಗ್ತಿರಲಿಲ್ಲ. ಎಲ್ಲರೆದುರು ಮೂಗು ಒರೆಸಿಕೊಂಡೆ, ನೆಗಡಿ ಅಂದೆ.

ಶುಕ್ರವಾರ ನಿನ್ನನ್ನ ಮನೆಗೆ ಕರ್ಕೊಂಡು ಬರೋಕೆ ನಾನೇ ಬರ್ತೀನಿ, ರಜೆ ಹಾಕಿದೀನಿ. ನಿನ್ನ ಬೆಳಗುಗಳು ದಿನದಿನಕ್ಕೆ ಹಗುರಾಗಲಿ, ತಾಯಿ.

ನಿನ್ನ ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯೋಕೆ ಧೈರ್ಯ ಸಾಲಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ನೀನು, "ಅಪ್ಪಾ, ನನಗೆ ಏನೂ ಬೇಡ ಅನ್ನಿಸ್ತಿದೆ" ಅಂದೆ. ನಾನು, "ಏನೂ ಬೇಡ ಅನ್ನೋಳಿಗಿಂತ ಸುಖಿ ಯಾರಿದಾರೆ!" ಅಂತ ತಮಾಷೆ ಮಾಡಿದೆ. ಅಮ್ಮ ನಕ್ಕಳು. ನೀನೂ ನಕ್ಕೆ. ನೀನು ನಕ್ಕಿದ್ದು ನೋಡಿ ಸಮಾಧಾನವಾಗಿ, ನಾನು ಇನ್ನೊಂದು ಸಲ ಬಡಿಸಿಕೊಂಡು ಉಂಡೆ.