ಕಾರ್ಡು ಹೋದರೆ ಹೋಗಲಿ ಎಂದೆಯಲ್ಲ

ಬ್ಯಾಲಿನ್‌ಕೊಲಿಗ್, ಕಾರ್ಕ್
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅನಿಲೂ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಕೆಮ್ಮಿಕೊಂಡು ಮಗುವಿನ ಹತ್ತಿರ ಹೋಗಬೇಡ. ಅನನ್ಯಾಗೆ ಹೆರಿಗೆಯ ಹೊಲಿಗೆ ಒಣಗಿದೆಯಂತೆ, ಆದರೂ ಬಿಂದಿಗೆ ಬಕೆಟ್ಟು ಎತ್ತಲು ಬಿಡಬೇಡ. ಮಗುವಿನ ಕಣ್ಣಿನ ಹಳದಿ ಹೋಗಿದ್ದನ್ನು ಫೋಟೋದಲ್ಲಿ ನೋಡಿ ಸಮಾಧಾನವಾಯಿತು. ಮೂಗು ಥೇಟ್ ನಿಮ್ಮಪ್ಪನದೇ, ಪಾಪ, ಹುಡುಗಿಗೆ ಅಷ್ಟು ದೊಡ್ಡ ಮೂಗು ಯಾಕೆ ಬೇಕಿತ್ತೋ. ವೇದಾವತಿ ಚಿಕ್ಕಮ್ಮ ಕೋಲಿಲ್ಲದೆ ನಡೆಯುತ್ತಿದ್ದಾಳೆ ಎಂದೆಯಲ್ಲ. ಬಚ್ಚಲಲ್ಲಿ ಮಾತ್ರ ಗೋಡೆ ಹಿಡಿದುಕೊಳ್ಳಲಿ. ನಾನು ಚೆನ್ನಾಗಿದ್ದೇನೆ. ಇಲ್ಲಿಯವರು ಹೇಳುವ ಹಾಗೆ, ಗ್ರ್ಯಾಂಡ್.

ಕಳೆದ ಭಾನುವಾರ ನಿನ್ನ ಮಾತಿಗೆ ಉತ್ತರ ಕೊಡದೆ ಫೋನ್ ಇಟ್ಟುಬಿಟ್ಟೆ. ಕೋಪದಿಂದಲ್ಲ. ಸ್ವಲ್ಪ ಕೋಪವೂ ಇತ್ತು ಅನ್ನು. ಅನನ್ಯಾಳ ರಜೆ ಮುಗಿಯುತ್ತದೆ, ಅವಳು ಬ್ಯಾಂಕಿಗೆ ಹೋಗಬೇಕು, ನಾನು ಬಂದು ದಾವಣಗೆರೆಯಲ್ಲೇ ಇದ್ದುಬಿಡಬೇಕು ಎಂದೆ ನೀನು. ಅಷ್ಟು ದಿನ ಹೊರಗಿದ್ದರೆ ಇಲ್ಲಿ ನನಗಿರುವ ವಾಸದ ಅನುಮತಿ ಉಳಿಯುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, "ಆ ಕಾರ್ಡು ಹೋದ್ರೆ ಹೋಗ್ಲಿ ಬಿಡಮ್ಮ, ಈ ವಯಸ್ಸಲ್ಲಿ ನಿಂಗ್ಯಾಕದು" ಎಂದೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಮದುವೆಗೆ ಬಂದಾಗ ನಡೆದದ್ದನ್ನು ನಾನು ಇದುವರೆಗೆ ಎತ್ತಿಲ್ಲ. ಧಾರೆಗೆ ನಿನ್ನ ದೊಡ್ಡಪ್ಪ ವಿಶ್ವೇಶ್ವರ ಮತ್ತು ದೊಡ್ಡಮ್ಮ ಕೂತರು. ಗಂಡನಿಲ್ಲದವಳು ಕೂರುವಂತಿಲ್ಲ, ಅದು ಪದ್ಧತಿ ಎಂದುಕೊಂಡೆ. ಆದರೆ ಅನನ್ಯಾ ಮನೆಯೊಳಗೆ ಕಾಲಿಡುವಾಗ ನಾನು ಹಿಡಿದಿದ್ದ ಆರತಿ ತಟ್ಟೆಯನ್ನು ದೊಡ್ಡಪ್ಪ ಕೈಯಿಂದ ತೆಗೆದುಕೊಂಡು, "ನೀನು ಸ್ವಲ್ಪ ಹಿಂದೆ ನಿಂತ್ಕೋ ಕಮಲಾ" ಎಂದರು. ನೀನು ಅಲ್ಲೇ ಇದ್ದೆ. ಹೊಸಿಲಿನ ಮೇಲಿದ್ದ ಸೇರನ್ನು ನೋಡುತ್ತ ನಿಂತಿದ್ದೆ. ನಾನು ಹಿಂದೆ ಸರಿದೆ. ನಿನ್ನ ದಿನ ಕೆಡಿಸಬಾರದೆಂದು ಸರಿದೆನೇ ಹೊರತು ಒಪ್ಪಿಕೊಂಡು ಅಲ್ಲ.

ಆಮೇಲೆ ಚಿಕ್ಕಮ್ಮ ಬಿದ್ದು ಸೊಂಟ ಮುರಿದುಕೊಂಡಳು. ನಾನಿಲ್ಲಿ ದುಡಿಯುವಾಗ ನಿನ್ನನ್ನು ಸಾಕಿದವಳು, ಅವಳನ್ನು ಬಿಟ್ಟು ಹೇಗೆ ಬರಲಿ? ಎದ್ದು ನಡೆಯುವ ತನಕ ಉಳಿದೆ. ಅದಕ್ಕೆ ಬೇಸರವಿಲ್ಲ, ನಾಳೆ ಬಿದ್ದರೂ ಹಾಗೇ ಮಾಡುತ್ತೇನೆ. ಆದರೆ ಡಬ್ಲಿನ್‌ನಲ್ಲಿ ಇಳಿದಾಗ ಇಮಿಗ್ರೇಷನ್ ಕೌಂಟರಿನಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಹಾಕಿ, ತುಂಬ ಕಾಲ ಹೊರಗಿದ್ದಿರಲ್ಲ, ಈ ಅನುಮತಿ ಇಲ್ಲಿ ವಾಸವಿರುವವರಿಗೆ, ನಿಮ್ಮ ಮನೆ ನಿಜಕ್ಕೂ ಎಲ್ಲಿ ಎಂದು ಕೇಳಿದ. ಬಾಯಿಂದ ತಟ್ಟನೆ "ಬ್ಯಾಲಿನ್‌ಕೊಲಿಗ್" ಎಂದು ಬಂತು. ಬಂದದ್ದು ಕೇಳಿ ನನಗೇ ಆಶ್ಚರ್ಯ. ಅವನು ಪಕ್ಕದ ಬೆಂಚಿನ ಮೇಲೆ ಕೂರಿಸಿದ. ಜೊತೆಗೆ ಬಂದವರೆಲ್ಲ ಹೋದರು. ಇಷ್ಟು ವರ್ಷ ಇಲ್ಲಿಯ ಆಸ್ಪತ್ರೆಯಲ್ಲಿ ಮುದುಕರ ವಾರ್ಡಿನ ನರ್ಸ್ ಆಗಿ ಕೆಲಸ ಮಾಡಿ, ಕೊನೆಗೆ ಗಂಟುಮೂಟೆಯ ಜೊತೆ ಒಬ್ಬಳೇ ಕೂತೆನಲ್ಲ ಎಂದುಕೊಂಡೆ. ಅವನು ನಮ್ಮ ವಾರ್ಡಿನ ಮೇಲ್ವಿಚಾರಕಿ ಬ್ರೀಡಾಗೆ ಫೋನ್ ಮಾಡಿದ. ಅವಳ ದನಿ ನನಗೂ ಕೇಳಿಸುತ್ತಿತ್ತು: ಕಮಲಾ ನಮ್ಮವಳು, ಬೇಗ ಕಳಿಸಿಕೊಡಿ, ಇಲ್ಲಿ ಅವಳಿಗಾಗಿ ಜನ ಕಾಯುತ್ತಿದ್ದಾರೆ. ಅವನು ಒಳಗೆ ಬಿಟ್ಟ. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಎಚ್ಚರಿಸಿಯೇ ಬಿಟ್ಟ. ಕಾರ್ಕ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಹೆದರಿಕೆಯಿಂದ ಶುರುವಾದ ಅಳು, ಫರ್ಮಾಯ್ ಊರು ದಾಟುವ ಹೊತ್ತಿಗೆ ಬೇರೆ ಏನೋ ಆಗಿತ್ತು. ಒಂದು ದೇಶದ ಅಧಿಕಾರಿ ಎಲ್ಲಿಯವಳು ಎಂದು ಕೇಳಿದ, ನಾನು ಹೇಳಿದೆ, ನನ್ನ ಪರವಾಗಿ ಒಬ್ಬಳು ಮಾತಾಡಿದಳು. ನನ್ನ ಮನೆಯ ಹೊಸಿಲಲ್ಲಿ ಯಾರೂ ಕೇಳಲೂ ಇಲ್ಲ, ಯಾರೂ ಮಾತಾಡಲೂ ಇಲ್ಲ.

ಪೌರತ್ವಕ್ಕೆ ಅರ್ಜಿ ಹಾಕುವ ಮುಂಚಿನ ವರ್ಷವನ್ನು ಇಲ್ಲೇ ಕಳೆಯಬೇಕು, ಹೊರಗಿರುವುದಕ್ಕೆ ಮಿತಿ ಇದೆ. ಆ ಸಲ ಮಿತಿ ಮೀರಿ ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರುವಾಯಿತು. ಈಗ ಈ ಬೇಸಿಗೆಗೆ ಮುಗಿಯುತ್ತದೆ. ಅದನ್ನು ಯಾರಿಗಾಗಿಯೂ ಇನ್ನೊಮ್ಮೆ ಮುರಿಯುವುದಿಲ್ಲ, ಅನಿಲೂ. ನಿನಗಾಗಿಯೂ ಇಲ್ಲ. ಈ ಅನುಮತಿ ನನಗೆ ಯಾರ ಹೆಂಡತಿಯೆಂದೋ ಯಾರ ತಾಯಿಯೆಂದೋ ಬಂದದ್ದಲ್ಲ. ನಿನ್ನ ಅಪ್ಪ ಸತ್ಯಪ್ರಕಾಶ್ ಹೋದ ಮೇಲೆ ನಲವತ್ತು ದಾಟಿದವಳು ಪರೀಕ್ಷೆ ಬರೆದು, ಇಲ್ಲಿಯವರ ಇಂಗ್ಲಿಷ್ ಅರ್ಥವಾಗದೆ ಬೆಪ್ಪಾಗಿ, ಕಲಿತು ಪಡೆದದ್ದು.

ಮಗುವನ್ನು ಯಾರು ನೋಡಿಕೊಳ್ಳಬೇಕು ಎನ್ನುತ್ತೀಯ. ನಿನ್ನ ತರಗತಿಗಳು ಮಧ್ಯಾಹ್ನಕ್ಕೆ ಮುಗಿಯುತ್ತವಲ್ಲ, ಆಮೇಲೆ ನೀನೇ ನೋಡಿಕೋ. ಲೆಕ್ಚರರ್ ಆದವನಿಗೆ ಡೈಪರ್ ಕಟ್ಟಲು ಬರುವುದಿಲ್ಲವೇ? ಬೆಳಗ್ಗೆಗೆ ಅನನ್ಯಾಳ ಅಮ್ಮ ಬರುತ್ತೇನೆ ಎಂದಿದ್ದಾರೆ. ಹೆಣ್ಣು ಕೊಟ್ಟವರ ಕೈಯಲ್ಲಿ ಮಾಡಿಸಿಕೊಂಡರೆ ಜನ ಏನಂತಾರೆ ಎಂದು ಬೇಡವೆಂದವನು ನೀನು. ಜನ ಅನ್ನಲಿ. ನನ್ನನ್ನೂ ಅಂದರು, ನಾನು ಸಾಯಲಿಲ್ಲ. ಅರ್ಜಿ ಹಾಕಿ ಮುಗಿದ ಮೇಲೆ ರಜೆ ಹಾಕಿ ಬರುತ್ತೇನೆ, ಮೊಮ್ಮಗಳನ್ನು ಎತ್ತಿ ಆಡಿಸಿ ವಾಪಸ್ ಬರುತ್ತೇನೆ. ಅಜ್ಜಿಯ ಊರು ಯಾವುದು ಎಂದು ಅವಳು ಕೇಳುವ ಹೊತ್ತಿಗೆ, ಎರಡು ಎಂದು ಹೇಳಿಕೊಡು.

ಚಿಕ್ಕಮ್ಮನಿಗೆ ನನ್ನ ಪ್ರೀತಿ, ಅನನ್ಯಾಳ ಅಮ್ಮನಿಗೆ ನಮಸ್ಕಾರ. ಕಂದನ ನೆತ್ತಿ ಮೂಸಿ ನನ್ನ ಮುತ್ತು ಕೊಡು. ನೀನೂ ಚೆನ್ನಾಗಿರು, ಕೋಪ ಬಂದರೆ ಊಟ ಬಿಡಬೇಡ.

ನಿನ್ನ ಅಮ್ಮ,
ಕಮಲಾ

ವಿ.ಸೂ.: ಜೊತೆಯಲ್ಲಿರುವ ಗೀತಾ ಡ್ಯೂಟಿಗೆ ಹೊತ್ತಾಯಿತು ಎಂದು ಕಾರಿನಲ್ಲಿ ಕಾಯುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಗುರುವಾರ ನೀನು ಕಾಲೇಜಿಗೆ ಹೋದ ಮೇಲೆ ಅನನ್ಯಾ ಫೋನ್ ಮಾಡಿದ್ದಳು. "ಅತ್ತೆ, ಬಿಟ್ಟು ಬರ್ಬೇಡಿ. ಇವತ್ತು ನೀವು ಬಿಟ್ರೆ, ಅಮ್ಮನೇ ಬಿಟ್ಳಲ್ಲ ಅಂತ ನಾಳೆ ನನಗೂ ಕೆಲಸ ಬಿಡು ಅಂತಾರೆ" ಎಂದಳು. ಅವಳಿಗೆ ಬಡ್ತಿ ಸಿಕ್ಕಿದೆ, ಹರಿಹರದ ಶಾಖೆಗೆ ಮ್ಯಾನೇಜರ್. ನಿನಗೆ ಹೇಳಲು ಬಾಯಿ ಬಂದಿಲ್ಲ, ನೀವೇ ಹೇಳಿ ಎಂದಳು. ಹೇಳಿದ್ದೇನೆ. ಮೊದಲು ಒಳಗೆ ಹೋಗಿ ಅವಳಿಗೆ ಖುಷಿಯಾಯಿತು ಅನ್ನು, ಮಿಕ್ಕ ಮಾತೆಲ್ಲ ಆಮೇಲೆ.