ಒಂದೇ ಸುದ್ದಿ ಮೂರು ಸಲ

ಮಾರ್ಚ್ 3, ಬೆಳಿಗ್ಗೆ
ಹಲ್ಲುಜ್ಜುವ ಮೊದಲೇ ಫೀಡ್ ನೋಡಿದೆ. ಓಡುತ್ತಿದೆ. ಬ್ಯಾಂಡಿನ ಪುಟದಲ್ಲಿ ಸುದ್ದಿ ಬಿದ್ದರೆ ನಮ್ಮ ಫ್ಯಾನ್ ಗ್ರೂಪಿನ ಎಲ್ಲರ ಫೋನಿಗೂ ತಾನಾಗಿ ಹೋಗಬೇಕು. ಪೈಥಾನ್ ಕೋಡಿಂಗ್ ಕಲಿತದ್ದೇ ಅದಕ್ಕೆ. ಫೀಡ್ ಕಟ್ಟುವ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಕೋಡು, ಪುಕ್ಕಟೆ ಸಿಕ್ಕಿತು, ಉಳಿದ ಸಾಲುಗಳು ನನ್ನವು.
ಇವತ್ತಿನದು — ಟೂರ್! "ನಾವು ನಾಲ್ವರೂ ಬರ್ತಿದ್ದೀವಿ." ಅಂದರೆ ಡ್ರಮ್ ಬಾರಿಸುವ ನಮ್ಮ ಡ್ರಮ್ಮಕ್ಕನೂ. ಕೈಗೆ ಪೆಟ್ಟಾದಾಗಿನಿಂದ ಅವಳ ಸುದ್ದಿಯೇ ಇರಲಿಲ್ಲ.

ಮಾರ್ಚ್ 5
ಅದೇ ಸುದ್ದಿ ಮತ್ತೆ ಬಂತು. ಗ್ರೂಪಿನ ಅಡ್ಮಿನ್, ನಮ್ಮೆಲ್ಲರ ಕ್ಯಾಪ್ಟನ್, "ಏನ್ ತಂಗಿ, ನಿನ್ ಫೀಡಿಗೆ ಬಿಕ್ಕಳಿಕೆನಾ?" ಅಂದ. ಎಲ್ಲರೂ ನಕ್ಕರು. ನಾನೂ ಒಂದು ನಗುವ ಇಮೋಜಿ ಒತ್ತಿದೆ.

ಮಾರ್ಚ್ 6
ಮೂರನೇ ಸಲ. ಈ ಸಲ ಕ್ಯಾಪ್ಟನ್ ತಮಾಷೆ ಮಾಡಲಿಲ್ಲ. "ಇವತ್ತೇ ಸರಿಮಾಡು. ಹಳೇವು ಡಿಲೀಟ್ ಮಾಡು. ಇಲ್ಲಾಂದ್ರೆ ಗ್ರೂಪಿಂದ ತೆಗೀತೀನಿ."
ತಪ್ಪು ಸಿಕ್ಕಿತು. ಹೊಸದೋ ಹಳೆಯದೋ ತಿಳಿಯಲು ಪ್ರತಿ ಸುದ್ದಿಗೂ ಫೀಡಿನಲ್ಲಿ ಒಂದು ಗುರುತು ಕೊಡಬೇಕು. ಲಿಂಕನ್ನೇ ಕೊಟ್ಟಿದ್ದರೆ ಸಾಕಿತ್ತು. ನಾನು ಸುದ್ದಿಯ ಬರಹದಿಂದಲೇ ಗುರುತು ಮಾಡಿದ್ದೆ. ಒಂದಕ್ಷರ ಬದಲಾದರೂ ಫೀಡಿಗೆ ಅದು ಹೊಸ ಸುದ್ದಿ. ತಿದ್ದಲು ಒಂದೇ ಸಾಲು.
ತಡಿ... ಹಾಗಾದರೆ ಬರಹ ಬದಲಾಗಿದೆ?

ಅದೇ ದಿನ, ಸಂಜೆ
ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದೆ. ನಾಲ್ವರೂ. ನಾವೆಲ್ಲರೂ. ನಾವು ಮೂವರೂ. ಪುಟಕ್ಕೆ ಹಾಕಿದ ತಾರೀಕು ಮಾತ್ರ ಮೂರರದ್ದೂ ಒಂದೇ, ಮಾರ್ಚ್ 3. ಕೊನೆಯದರಲ್ಲಿ ಫೋಟೋ ಕತ್ತರಿಸಿದ್ದಾರೆ — ಡ್ರಮ್ಮಕ್ಕನ ಮೊಣಕೈ ಮಾತ್ರ ಉಳಿದಿದೆ. ಪುಟದಲ್ಲೀಗ ಕೊನೆಯದಷ್ಟೇ ಇದೆ. ಮೊದಲೆರಡು ಇರುವುದು ನನ್ನ ಫೀಡಿನಲ್ಲಿ.
ಬಟ್ಟೆ ಮಡಚುತ್ತಿದ್ದ ಅಕ್ಕನಿಗೆ ತೋರಿಸಿದೆ.
"ಅದಿರ್ಲಿ, ಹಳೇದು ಡಿಲೀಟ್ ಮಾಡು ಅಂತ ನಿಮ್ ಕ್ಯಾಪ್ಟನ್‌ಗ್ಯಾಕೆ ಅಷ್ಟು ಅರ್ಜೆಂಟು?"
"ಶಿಸ್ತಿನ ಮನುಷ್ಯ ಕಣೆ."
"ಹೂಂ. ಶಿಸ್ತು. ನಿನ್ ಕಾಲುಚೀಲ ನೀನೇ ಮಡಚ್ಕೋ."
ಆ ಒಂದು ಸಾಲು ತಿದ್ದಲಿಲ್ಲ.

ಮಾರ್ಚ್ 9
ಎರಡು ದಿನ ಬರೆಯಲಿಲ್ಲ. ಇನ್ನೇನು ಬದಲಾಗುತ್ತದೋ ಅಂತ ಕಾಯುತ್ತಿದ್ದೆ.
ಇವತ್ತು ನಾಲ್ಕನೆಯದು ಬಂತು. ಟೂರ್ ಸುದ್ದಿಯ ಕೆಳಗೆ ಒಂದು ಸಾಲು: "ತಂಗಿ, ಸರಿಮಾಡಿದ್ಯಾ ಇಲ್ವಾ?" ಸ್ವಲ್ಪ ಹೊತ್ತಿಗೆ ಪುಟದಿಂದ ಮಾಯ. ಅದೇ ಸಾಲು ಗ್ರೂಪಿನಲ್ಲಿ, ಕ್ಯಾಪ್ಟನ್ ಹೆಸರಿನಲ್ಲಿ. ಗ್ರೂಪಿಗೆ ಹಾಕಬೇಕಾದದ್ದನ್ನು ಮೊದಲು ತಪ್ಪಿ ಪುಟಕ್ಕೆ ಪೇಸ್ಟ್ ಮಾಡಿಬಿಟ್ಟಿದ್ದಾನೆ. ಪುಟ ತಿದ್ದುವವನು ಅವನೇ... "ನಾನೂ ನಿಮ್ ಥರ ಬರೀ ಫ್ಯಾನು" ಅನ್ನುತ್ತಿದ್ದವನು.

ಮಾರ್ಚ್ 9, ಮಧ್ಯಾಹ್ನ
ಗ್ರೂಪಿನಲ್ಲಿ ಯಾರೋ ಡ್ರಮ್ಮಕ್ಕ ಎಲ್ಲಿ ಅಂತ ಕೇಳಿದರು. ಕ್ಯಾಪ್ಟನ್: "ಟೂರಿಗೆ ಬರ್ತೀನಿ ಅಂತ ಅವ್ರು ಯಾವತ್ತೂ ಹೇಳೇ ಇಲ್ವಲ್ಲ." ಎಲ್ಲರೂ ಹೌದು ಹೌದು ಅಂದರು. ಮೂರನೇ ತಾರೀಕು ಕುಣಿದವರೂ.
ಫೀಡಿನಲ್ಲಿರುವುದನ್ನು ಗ್ರೂಪಿಗೆ ಕಳಿಸಿದರೆ ನನ್ನನ್ನು ತೆಗೆಯುತ್ತಾನೆ. ನನ್ನ ಮಾತುಕತೆಯೆಲ್ಲ ಅಲ್ಲೇ ಇರುವುದು. ಮನೆಯಲ್ಲಿ ಅಕ್ಕ, ಅವಳ ಕಾಲುಚೀಲದ ಭಾಷಣ.
ಕಳಿಸಿದೆ. ನಾಲ್ಕನ್ನೂ, ಬಂದ ಕ್ರಮದಲ್ಲಿ.
ಕ್ಯಾಪ್ಟನ್ ಟೈಪ್ ಮಾಡಿದ. ನಿಲ್ಲಿಸಿದ. ಮತ್ತೆ ಮಾಡಿದ. ಆಮೇಲೆ — ನಾನು ಗ್ರೂಪಿನಲ್ಲಿಲ್ಲ. ನನ್ನ ಮೆಸೇಜೂ ಅಳಿಸಿರುತ್ತಾನೆ.
ಅಳಿಸಲಿ. ಫೀಡ್ ಅವನ ಕೈಯಲ್ಲಿಲ್ಲ. ಎಲ್ಲರ ಫೋನಿಗೂ ಇನ್ನೂ ಹೋಗುತ್ತಿದೆ. ಬ್ಯಾಂಡಿನ ಪುಟದಿಂದ ತಂದದ್ದನ್ನೇ ಹಾಕಬೇಕು ಅಂತ ಲೈಬ್ರರಿ ಎಲ್ಲೂ ಹೇಳಿಲ್ಲ. ಹೊಸ ಐಟಂ ಒಂದು ಸೇರಿಸಿದರಾಯಿತು. ಶೀರ್ಷಿಕೆ:
ಮೂರನೇ ತಾರೀಕು ಡ್ರಮ್ಮಕ್ಕನೂ ಇದ್ದಳು