ಹಳೆಯದೂ ಬೇಡ, ಹೊಸದೂ ಬೇಡ ಎಂದ ನಿರ್ದೇಶಕರಿಗೆ

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

ನಿಮ್ಮ ಗ್ರಂಥಾಲಯದ ಕೇಳುಪುಸ್ತಕ ದೂರವಾಣಿ ಸತ್ತು ಬಿದ್ದಿದೆ. ಕೊಂದದ್ದು ಸಿಡಿಲಲ್ಲ, ವೈರು ಕಡಿದ ಇಲಿಯಲ್ಲ, ನಿಮ್ಮ ಸೌಜನ್ಯ. ಇಬ್ಬರು ತಂತ್ರಜ್ಞರಲ್ಲಿ ಯಾರಿಗೂ ಬೇಸರವಾಗಬಾರದೆಂದು ನೀವು ಕೈಗೊಂಡ ಒಂದು ತೀರ್ಮಾನದಿಂದಾಗಿ ಕಣ್ಣು ಕಾಣದ ಓದುಗರೆಲ್ಲ ಈಗ ಪುಸ್ತಕವಿಲ್ಲದೆ ಕೂತಿದ್ದಾರೆ. ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮ್ಮ ಕಚೇರಿಗೆ ಖಾಸಗಿಯಾಗಿ ಬರೆದ ಪತ್ರಗಳಿಗೆ ಬರುವ ಉತ್ತರವನ್ನು ನಾನು ಸಾಕಷ್ಟು ಕಂಡಿದ್ದೇನೆ.

ವಿಷಯ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ಸಂಖ್ಯೆಗೆ ಫೋನ್ ಮಾಡಿ ಗುಂಡಿ ಒತ್ತಿದರೆ, ಹಿಂದಿನ ದಿನ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಪುಸ್ತಕ ಕೇಳಿಸುತ್ತಿತ್ತು. ಊರಿನ ಒಳ್ಳೆಯ ಕಂಠದವರೆಲ್ಲ ವರ್ಷಗಟ್ಟಲೆ ಕೂತು ಓದಿ ತುಂಬಿಸಿದ್ದ ಪುಸ್ತಕಗಳು ಅವು. ಅವೆಲ್ಲ ಇದ್ದದ್ದು ನಿಮ್ಮ ಕಟ್ಟಡದ ಒಂದು ಸರ್ವರಿನಲ್ಲಿ. ಆ ಸರ್ವರಿಗೆ, ಎಲ್ಲ ಕಂಪ್ಯೂಟರುಗಳಿಗೆ ಇರುವಂತೆ, ಒಂದು ಆಪರೇಟಿಂಗ್ ಸಿಸ್ಟಮ್ ಇತ್ತು; ಮನೆಗೆ ಪಾಯ ಇದ್ದ ಹಾಗೆ. ಅದು ಹಳೆಯದಾಗಿತ್ತು. ಹೊಸ ಆವೃತ್ತಿ ಬಂದಿತ್ತು. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಲು ನೀವು ಸಭೆ ಕರೆದಿರಿ. ಓದುಗರ ಪ್ರತಿನಿಧಿಯೆಂಬ ಶೋಭೆಯ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಹವಾನಿಯಂತ್ರಣ ಯಂತ್ರದಿಂದ ಒಂದು ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಆ ಸಭೆಯಲ್ಲಿ ಬಿಡುವಿಲ್ಲದೆ ಕೆಲಸ ಮಾಡಿದ್ದು ಆ ಬಕೆಟ್ ಒಂದೇ.

ನಿಮ್ಮ ಹಿರಿಯ ತಂತ್ರಜ್ಞರು ಹಳೆಯದೇ ಇರಲಿ ಎಂದರು. ಕಾರಣವಿತ್ತು: ಫೋನಿನಲ್ಲಿ ಪುಸ್ತಕ ಓದುವ ತಂತ್ರಾಂಶ ಅದರ ಮೇಲೆ ತೊಡಕಿಲ್ಲದೆ ನಡೆಯುತ್ತಿತ್ತು, ಮತ್ತು ಅದಕ್ಕೆ ಸುರಕ್ಷತೆಯ ಅಪ್‌ಡೇಟುಗಳು ಇನ್ನೂ ಎರಡು ವರ್ಷ ಬರುವುದಿತ್ತು. ಕಿರಿಯ ತಂತ್ರಜ್ಞೆ ಹೊಸದಕ್ಕೇ ಹೋಗೋಣ ಎಂದರು. ಅವರಿಗೂ ಕಾರಣವಿತ್ತು: ಫೋನಿನ ತಂತ್ರಾಂಶವನ್ನು ಒಮ್ಮೆ ತಿದ್ದಿ ಬರೆಯುವ ತಾಪತ್ರಯ ಬಿಟ್ಟರೆ, ಆಮೇಲೆ ಬಹಳ ವರ್ಷ ನೆಮ್ಮದಿ. ಇಬ್ಬರ ಮಾತೂ ಸರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುತ್ತಿದ್ದರು. ನೀವು ಅಣ್ಣತಮ್ಮಂದಿರ ಆಸ್ತಿ ಪಾಲಿಗೆ ಕೂತ ಹಿರಿಯರಂತೆ ಕನ್ನಡಕ ಒರೆಸಿಕೊಂಡಿರಿ.

"ಯಾಕೆ ಜಗಳ? ಎರಡರ ಮಧ್ಯೆ ಇನ್ನೊಂದು ಬಂದಿತ್ತು ಅಂದ್ರಲ್ಲ, ಅದನ್ನೇ ಹಾಕಿ. ಇಬ್ರಿಗೂ ಸಮಾಧಾನ," ಎಂದಿರಿ.

ಆ ತಂತ್ರಜ್ಞೆ ಮೆಲ್ಲಗೆ ವಿವರಿಸಿದರು. "ಸರ್, ಮಧ್ಯದ್ದು ಅಂದ್ರೆ ಎರಡರ ಗುಣಾನೂ ಇರತ್ತೆ ಅಂತಲ್ಲ. ಅದು ಹೊಸದು ಬರೋ ಮುಂಚೆ ಪರೀಕ್ಷೆ ಮಾಡೋಕೆ ಬಿಟ್ಟಿದ್ದು. ಇನ್ನು ಒಂಬತ್ತು ತಿಂಗಳಿಗೆ ಅದರ ಅಪ್‌ಡೇಟ್ ನಿಂತೋಗತ್ತೆ."

"ಒಂಬತ್ತು ತಿಂಗಳಲ್ಲಿ ಮಗುವೇ ಹುಟ್ಟತ್ತಮ್ಮ," ಎಂದಿರಿ ನೀವು. ಸಭೆ ನಕ್ಕಿತು. ಹಿರಿಯ ತಂತ್ರಜ್ಞರು ಬಾಯಿ ತೆರೆದರು, ನಿಮ್ಮ ಮುಖ ನೋಡಿ ಬಿಸ್ಕತ್ತು ಹಾಕಿಕೊಂಡರು. ತೀರ್ಮಾನ ಸರ್ವಾನುಮತದ್ದೆಂದು ದಾಖಲಾಯಿತು.

ನಾನು ಜೀವನಪೂರ್ತಿ ಔಷಧಿ ಅಂಗಡಿ ನಡೆಸಿದವನು. ಮಾತ್ರೆಯ ಪಟ್ಟಿ ಕೈಗೆ ಬಂದರೆ ಮೊದಲು ತಿರುಗಿಸಿ ನೋಡುವುದು ಅವಧಿ ಮುಗಿಯುವ ತಾರೀಖು, ಹೆಸರು ಆಮೇಲೆ. ಒಬ್ಬ ಗಿರಾಕಿಗೆ ಒಂದು ಕೈಯಲ್ಲಿ ಎರಡು ವರ್ಷ ಬಾಳುವ ಮಾತ್ರೆ, ಇನ್ನೊಂದು ಕೈಯಲ್ಲಿ ಐದು ವರ್ಷ ಬಾಳುವ ಮಾತ್ರೆ ಹಿಡಿದು ತೋರಿಸಿದೆ ಎಂದಿಟ್ಟುಕೊಳ್ಳಿ. ಆತ ಎರಡನ್ನೂ ಬಿಟ್ಟು, ವೈದ್ಯರಿಗೆ ಪುಕ್ಕಟೆ ಹಂಚಲು ಬಂದ, 'ಮಾರಾಟಕ್ಕಲ್ಲ' ಎಂದು ಬರೆದಿರುವ ಮಾದರಿ ಪಟ್ಟಿಯನ್ನು ಎತ್ತಿಕೊಂಡು, ನೋಡಿ, ಎರಡಕ್ಕೂ ನಡುವಿನದು ಸಿಕ್ಕಿತು ಎಂದು ಬೀಗಿದರೆ ಏನೆನ್ನಬೇಕು? ಅಂಥ ಗಿರಾಕಿಯನ್ನು ನಾನು ಅಂಗಡಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಾಣಲು ನಿಮ್ಮ ಸಭೆಗೇ ಬರಬೇಕಾಯಿತು. ನೀವು ಹಳೆಯದನ್ನು ಆರಿಸಿದ್ದರೆ ಸೋಮಾರಿ ಎಂದು ಬೈಯುತ್ತಿದ್ದೆ, ಹೊಸದನ್ನು ಆರಿಸಿದ್ದರೆ ಆತುರಗೇಡಿ ಎನ್ನುತ್ತಿದ್ದೆ. ಎರಡೂ ಏನನ್ನೋ ಮಾಡಿದವನಿಗೆ ಸಲ್ಲುವ ಬೈಗುಳ. ನಿಮಗೆ ಕೊಡಲು ನನ್ನ ಬಳಿ ಬೈಗುಳವೂ ಇಲ್ಲ.

ಇದು ನಿಮ್ಮೊಬ್ಬರ ಪ್ರತಿಭೆಯೆಂದು ಹೇಳಿ ಹಿಂದಿನವರಿಗೆ ಅನ್ಯಾಯ ಮಾಡಲಾರೆ. ನಿಮ್ಮ ಕುರ್ಚಿಯಲ್ಲಿ ಹಿಂದೆ ಕೂತಿದ್ದವರೊಬ್ಬರು, ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಬಂದ ಕೂಡಲೇ ಪುಸ್ತಕಗಳ ವಿವರವಿದ್ದ ಕಾರ್ಡುಗಳ ಮರದ ಪೆಟ್ಟಿಗೆಗಳನ್ನು ಗುಜರಿಗೆ ಹಾಕಿಸಿದರು. ಕಂಪ್ಯೂಟರ್ ಬಂದದ್ದು ಮರುವರ್ಷ. ಆ ನಡುವೆ ಒಂದು ಪುಸ್ತಕ ಬೇಕೆಂದರೆ ಕಪಾಟಿನಿಂದ ಕಪಾಟಿಗೆ ಕತ್ತು ಓರೆ ಮಾಡಿಕೊಂಡು ಅಲೆಯಬೇಕಿತ್ತು. ಆಗ ಕತ್ತು ಹಿಡಿದುಕೊಂಡವರಿಗೆ ಮುಲಾಮು ಮಾರಿದವನು ನಾನು. ನನಗೆ ನೆನಪಿದೆ. ನಿಮ್ಮ ಇಲಾಖೆಗೆ ಮಾತ್ರ ನೆನಪಿನ ಶಕ್ತಿಗೂ ಒಂದು ಸಮಿತಿ ಬೇಕೇನೋ.

ಒಂಬತ್ತು ತಿಂಗಳು ತುಂಬಿತು. ನಡುವಿನದಕ್ಕೆ ಅಪ್‌ಡೇಟ್ ನಿಂತಿತು. ಅಪ್‌ಡೇಟ್ ನಿಂತ ಯಂತ್ರವನ್ನು ಜಾಲದಿಂದ ಕಿತ್ತುಹಾಕಬೇಕೆಂಬುದು ನಿಮ್ಮ ಮೇಲಿನ ಕಚೇರಿಯ ನಿಯಮ, ಕಿತ್ತುಹಾಕಿದರು. ಹುಟ್ಟಿದ್ದು ಮೌನ. ವಿನೋದ ನೋಡಿ: ಮುದಿಯಾಯಿತೆಂದು ನೀವು ಹೊರಗಿಟ್ಟ ಹಳೆಯ ಆವೃತ್ತಿಗೆ ಇವತ್ತಿಗೂ ಅಪ್‌ಡೇಟ್ ಬರುತ್ತಿದೆ. ಅದಿರುವ ಡಿಸ್ಕು ನಿಮ್ಮದೇ ಕಟ್ಟಡದ ಬೀರುವಿನಲ್ಲಿದೆ. ತಂತ್ರಜ್ಞರಿಬ್ಬರೂ, ಈ ಒಂದು ವಿಷಯದಲ್ಲಿ ಒಂದೇ ದನಿಯಲ್ಲಿ, ಸದ್ಯಕ್ಕೆ ಅದನ್ನೇ ಮತ್ತೆ ಹಾಕಿ ಅಷ್ಟರಲ್ಲಿ ಹೊಸದನ್ನು ಸಿದ್ಧ ಮಾಡೋಣ ಎಂದು ನಿಮ್ಮನ್ನು ಕೇಳಿದ್ದಾರೆ. ನಾನೂ ಬಂದು ಕೇಳಿದೆ. ನೀವು ಚಹಾ ತರಿಸಿದಿರಿ, ಬಾಗಿಲು ಮುಚ್ಚಿಸಿದಿರಿ.

"ಯಜಮಾನ್ರೇ, ಹಳೇದಕ್ಕೆ ವಾಪಸ್ ಹೋದ್ರೆ ಮೊದಲಿನ ತೀರ್ಮಾನ ತಪ್ಪು ಅಂತ ಆಗಲ್ವಾ?" ಎಂದಿರಿ. ಆಮೇಲೆ, ದೊಡ್ಡ ಉಪಕಾರ ಮಾಡುವವರಂತೆ, "ಅಲ್ಲೀವರೆಗೂ ನಿಮ್ಮ ಅಕ್ಕಂಗೆ ನೀವೇ ಓದಿ ಹೇಳಬಹುದಲ್ಲ?" ಎಂದಿರಿ.

ನನ್ನ ಅಕ್ಕ ದರ್ಜಿ. ಕಣ್ಣು ಹೋಗುವವರೆಗೂ ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವಳು. ಈಗ ಸಂಜೆ ಕುರ್ಚಿಯಲ್ಲಿ ಕೂತು, ಬೆರಳಲ್ಲಿ ಗುಂಡಿ ತಡವಿ, ನಿಮ್ಮ ಸಂಖ್ಯೆ ಒತ್ತುತ್ತಾಳೆ. ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ ಎಂದು ಒಂದು ಹೆಣ್ಣುದನಿ ಹೇಳುತ್ತದೆ. ಇವಳ ಉಚ್ಚಾರ ಚೆನ್ನಾಗಿದೆ, ಇವಳ ಕೈಲಿ ಒಂದು ಪುಸ್ತಕ ಓದಿಸಬಾರದಿತ್ತೇ ಎನ್ನುತ್ತಾಳೆ ಅಕ್ಕ. ಅವಳು ಕೇಳುತ್ತಿದ್ದದ್ದು ಒಂದು ಹಡಗಿನ ಕಾದಂಬರಿ. ಹಡಗು ಹಿಮದಲ್ಲಿ ಸಿಕ್ಕಿಕೊಂಡಿದೆ. ಹಿಂದಿರುಗೋಣ ಎನ್ನುವ ನಾವಿಕರು ಒಂದು ಕಡೆ, ಮುಂದೆ ಹೋಗೋಣ ಎನ್ನುವವರು ಇನ್ನೊಂದು ಕಡೆ. ಕಪ್ತಾನ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಅಲ್ಲಿಗೆ ನಿಮ್ಮ ಫೋನು ಸತ್ತಿತು.

ನಿಮ್ಮ ಸಲಹೆಯಂತೆ ಮುದ್ರಿತ ಪ್ರತಿ ತಂದು ಓದಲು ಕೂತೆ. ಅಕ್ಕ ಒಂದು ಪುಟ ತಾಳಿಕೊಂಡಳು.

"ಸಾಕು ಕಣೋ. ದಿನಕ್ಕೆ ಎರಡು ಸಲ ಊಟದ ನಂತರ ಅಂತ ಓದಿದ ಹಾಗಿದೆ."

ಬೇರೆ ಯಾರನ್ನಾದರೂ ಕರೆಯಲೇ ಎಂದೆ. ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಮುಚ್ಚಿಟ್ಟಳು.

"ಬಟ್ಟೆ ಬಣ್ಣ ಯಾವುದು ಅಂತ ಕೇಳ್ತೀನಿ, ಹಾಲು ಉಕ್ತಾ ಅಂತ ಕೇಳ್ತೀನಿ, ಬಾಗಿಲಲ್ಲಿ ಯಾರು ಅಂತ ಕೇಳ್ತೀನಿ. ಇದೊಂದನ್ನ ಯಾರನ್ನೂ ಕೇಳ್ತಿರ್ಲಿಲ್ಲ. ಓದೋರು ಎಲ್ಲಾದ್ರೂ ಸಿಗ್ತಾರೆ, ಯಾರನ್ನೂ ಕೇಳ್ದೆ ಇರೋದು ಸಿಗತ್ತೇನೋ?"

ನಿಮ್ಮ ಸರ್ವರಿನಲ್ಲಿ ಇದ್ದದ್ದು ಅದು, ನಿರ್ದೇಶಕರೇ. ಬರೀ ಪುಸ್ತಕ ಎಂದು ನೀವು ತಿಳಿದಿದ್ದಿರಿ.

ಈಗ ಯಾವ ಆವೃತ್ತಿ ಬೇಕೆಂದು ನೋಡಲು ಹೊಸ ಸಮಿತಿ ರಚಿಸಿದ್ದೀರೆಂದೂ, ಅದರಲ್ಲಿ ನನಗೆ ಮತ್ತೆ ಕುರ್ಚಿ ಇದೆಯೆಂದೂ ಪತ್ರ ಬಂದಿದೆ. ಬರುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಬೀರು ತೆಗೆಸಿ, ಹಳೆಯ ಡಿಸ್ಕನ್ನು ಈ ವಾರವೇ ಹಾಕಿಸಿ. ಅದರ ಅವಧಿ ಮುಗಿಯುವ ಮೊದಲೇ ಹೊಸದಕ್ಕೆ ಹೋಗುವುದೆಂದು ಆದೇಶ ಮಾಡಿ. ಆ ಆದೇಶದ ಕೆಳಗೆ ಸಮಿತಿಯ ಸಹಿ ಬೇಡ, ನಿಮ್ಮದೊಂದೇ ಇರಲಿ. ತಪ್ಪಾಗಿತ್ತು ಎಂದು ಬರೆದರೆ ಕೈ ಉದುರುವುದಿಲ್ಲ; ಅದಕ್ಕೆ ಬೇಕಾದ ಮುಲಾಮನ್ನು ನಾನೇ ಕೊಡುತ್ತೇನೆ.

ಆ ಕಾದಂಬರಿಯನ್ನು ನಾನು ಒಬ್ಬನೇ ಓದಿ ಮುಗಿಸಿದ್ದೇನೆ. ಕಪ್ತಾನ ಏನು ಮಾಡಿದ ಎಂದು ಹೇಳಿದರೆ ಮಾತು ಬಿಡುತ್ತೇನೆಂದು ಅಕ್ಕ ಹೆದರಿಸಿದ್ದಾಳೆ. ಹಿಂದಿರುಗಿದನೋ ಮುಂದೆ ಹೋದನೋ ನಿಮಗೂ ಹೇಳಲಾರೆ. ಇಷ್ಟು ಮಾತ್ರ ಹೇಳಿದರೆ ಅವಳು ಮನ್ನಿಸುತ್ತಾಳೆ: ಅವನು ಅಲ್ಲೇ ನಿಲ್ಲಲಿಲ್ಲ.

ಇಂತಿ,
ಕಥೆಯ ಕೊನೆ ಗೊತ್ತಿದ್ದೂ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವ
ನಿಮ್ಮ ಮಾಜಿ ಓದುಗರ ಪ್ರತಿನಿಧಿ